ಪೂರ್ವಪಕ್ಷದಲ್ಲಿ ನಿಂತ ಪಾಠ

ನಾನು ನಿಂತಿದ್ದದ್ದು ಕೋಣೆಯ ಬಾಗಿಲಲ್ಲಿ. ಒಂದು ಕಾಲು ಹೊಸ್ತಿಲಿನೊಳಗೆ, ಇನ್ನೊಂದು ನಡುಮನೆಯಲ್ಲಿ. ಮನೆ ತುರುವೇಕೆರೆಯದು. ಹೋದ ವರ್ಷ ಕಾರ್ತೀಕ ಕಳೆದು, ಸಂತೆಗೆ ಅವರೆಕಾಯಿ ಬರತೊಡಗಿದ್ದ ದಿನಗಳ ಒಂದು ಬೆಳಗ್ಗೆ, ಹತ್ತು ಗಂಟೆಯ ಆಸುಪಾಸು. ಮಂಚದ ಆಚೆಗೆ ಪೂರ್ವದ ಕಿಟಕಿ. ಬೆಳಕು ಹೊದಿಕೆಯ ಮೇಲೆ ನೇರವಾಗಿ ಬೀಳುತ್ತಿದ್ದುದರಿಂದ ಮಲಗಿದ್ದವರ ಎರಡೂ ಕೈಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಮುಖ ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ನನ್ನನ್ನು ಕೇಳಿದ್ದೆಲ್ಲ ಮುಖದ ಬಗ್ಗೆಯೇ.

ಮಲಗಿದ್ದವರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಆಮೇಲೆ ಭಾನುವಾರ ಮಧ್ಯಾಹ್ನ ನಮಗೆ ಅದ್ವೈತದ ಭಾಷ್ಯವನ್ನು ಪಂಕ್ತಿ ಪಂಕ್ತಿಯಾಗಿ ಪಾಠ ಹೇಳಿದವರು. ಅವತ್ತು ಬೆಳಗ್ಗೆ ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವರನ್ನು ಒಂದು ಪ್ರಶ್ನೆ ಕೇಳಿದರು. ಅಮ್ಮನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಆ ಒಂದು ಪ್ರಶ್ನೆಗೆ ಉತ್ತರ ಮಾತ್ರ. ಉತ್ತರ ಬಂತೋ ಇಲ್ಲವೋ ಎಂಬುದಕ್ಕೆ ನಾನು ಸಾಕ್ಷಿ. ವೇದಾಂತದವರು ಹೇಳುವ ಸಾಕ್ಷಿ ಅಲ್ಲ. ಪೊಲೀಸ್ ಠಾಣೆಯಲ್ಲಿ ಕೂರಿಸಿ ಕೇಳುತ್ತಾರಲ್ಲ, ಆ ತರಹದ ಸಾಕ್ಷಿ.

ಪಾಠ ನಡೆಯುತ್ತಿದ್ದದ್ದು ತಿಪಟೂರಿನಲ್ಲಿ, ಕೊಬ್ಬರಿ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರ ಮನೆಯ ಹಿಂದಿನ ಹಜಾರದಲ್ಲಿ. ತಲೆಯ ಮೇಲೆ ಅಟ್ಟ. ಅಟ್ಟದ ತುಂಬ ವರ್ಷವಿಡೀ ಒಣಗಲು ಬಿಟ್ಟ ಕಾಯಿ. ಸಾಹುಕಾರರು ವಿಭೂತಿ ಹಚ್ಚಿ, ಅಂಗಿಯ ತೋಳು ಮಡಚಿ, ಗೋಡೆಗೆ ಒರಗಿ ಕೂರುತ್ತಿದ್ದರು. ಅವರ ಮನೆತನದ ಮಠ ಬೇರೆ, ಮತ ಬೇರೆ. "ನಂದೇನಿದ್ರೂ ಕೇಳೋಕೆ ಮಾತ್ರ ಕಣ್ರೀ, ಒಪ್ಪೋಕಲ್ಲ," ಎಂದು ಮೊದಲ ದಿನವೇ ಹೇಳಿ ಜಾಗ ಕೊಟ್ಟಿದ್ದರು. ನಾನು ಚಿಕ್ಕನಾಯಕನಹಳ್ಳಿಯಲ್ಲಿ ಗಣಿತ ಕಲಿಸುವವನು. ಊಟ ಮಾಡಿ ಬಸ್ಸು ಹತ್ತಿದರೆ ಪಾಠದ ಮೊದಲಿನ ಶಾಂತಿಮಂತ್ರದ ಹೊತ್ತಿಗೆ ತಲುಪುತ್ತಿದ್ದೆ. ಬಂದು ಹೋಗುವವರು ಇನ್ನೂ ಕೆಲವರಿದ್ದರು. ತಪ್ಪದೆ ಕೂರುತ್ತಿದ್ದವರು ನಾನೂ ಸಾಹುಕಾರರೂ ಇಬ್ಬರೇ.

ಆ ಪಾಠದ ರೀತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಮೂಲದಲ್ಲಿ ಇರುವುದು ಎರಡೋ ಮೂರೋ ಪದ. ಅದರ ಮೇಲೆ ಭಾಷ್ಯ. ಭಾಷ್ಯದ ಮೇಲೆ ಟೀಕೆ, ಟೀಕೆಯ ಮೇಲೆ ಟಿಪ್ಪಣಿ. ಒಂದೇ ಭಾಷ್ಯವನ್ನು ಓದಿ ಟೀಕಾಕಾರರು ಎರಡು ದಾರಿ ಹಿಡಿದರು. ಅಜ್ಞಾನ ಇರುವುದು ಜೀವನಲ್ಲಿ ಎಂದು ಒಂದು ದಾರಿ, ಬ್ರಹ್ಮದಲ್ಲಿಯೇ ಎಂದು ಇನ್ನೊಂದು. "ಒಬ್ಬನೇ ಅಜ್ಜನ ಮೊಮ್ಮಕ್ಕಳು. ಆಸ್ತಿ ಭಾಗ ಆಗ್ಲಿಲ್ಲ, ಸಾಲ ಭಾಗ ಮಾಡ್ಕೊಂಡ್ರು," ಎನ್ನುತ್ತಿದ್ದರು ಮೇಷ್ಟ್ರು. ಇಷ್ಟೆಲ್ಲದರ ಮೇಲೆ ಕೊನೆಯ ಪದರ ಪಾಠ ಹೇಳುವವರ ಬಾಯಿ. ಅದು ಅಚ್ಚಿನಲ್ಲಿ ಇರುವುದಿಲ್ಲ. ಗುರು ತನ್ನ ಗುರುವಿನಿಂದ ಕೇಳಿದ್ದು, ತಾನು ಸೇರಿಸಿದ್ದು, ಎದುರಿಗೆ ಕೂತವನ ಕಣ್ಣು ನೋಡಿ ಆಗಿಂದಾಗ ಹೊಳೆದದ್ದು.

ಭಾಷ್ಯಕಾರರು ತಮ್ಮ ಮಾತನ್ನು ಮೊದಲು ಹೇಳುವುದಿಲ್ಲ. ಎದುರಾಳಿಯ ಮಾತನ್ನು ಹೇಳುತ್ತಾರೆ. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದು ಮುಗಿದ ಮೇಲೆ "ಇದಕ್ಕೆ ಹೇಳುತ್ತೇವೆ" ಎಂದು ತಿರುಗಿ ಉತ್ತರ ಕೊಡುತ್ತಾರೆ, ಅದು ಸಿದ್ಧಾಂತ. ನಮ್ಮ ಮೇಷ್ಟ್ರು ಪೂರ್ವಪಕ್ಷವನ್ನು ಎಡಗೈ ಎತ್ತಿ ಹೇಳುತ್ತಿದ್ದರು, ಸಿದ್ಧಾಂತವನ್ನು ಬಲಗೈ ಎತ್ತಿ. ಅವರ ಗುರುವೂ ಹಾಗೆಯೇ ಮಾಡುತ್ತಿದ್ದರಂತೆ. ಎಡಗೈ ಎತ್ತಿದಾಗ ಅವರು ಎದುರಾಳಿಯೇ ಆಗಿಬಿಡುತ್ತಿದ್ದರು. ಧ್ವನಿ ಗಟ್ಟಿಯಾಗುತ್ತಿತ್ತು, ಕಣ್ಣಲ್ಲಿ ಸವಾಲು ಇರುತ್ತಿತ್ತು. "ಅರ್ಧ ಮನಸ್ಸಿನಿಂದ ಹೇಳಿದ್ರೆ ಅದು ಪೂರ್ವಪಕ್ಷ ಅಲ್ಲ, ಗದ್ದೆ ಬೆದರುಬೊಂಬೆ. ಬೊಂಬೆ ಬೀಳ್ಸೋಕೆ ವೇದಾಂತ ಯಾಕೆ, ಗಾಳಿ ಸಾಕು," ಎನ್ನುತ್ತಿದ್ದರು. ಹೇಳಿ ಮುಗಿಸಿ ಎಡಗೈ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಸಂಶಯ ಮಾಗಬೇಕು, ಬೇಗ ಕಿತ್ತರೆ ಹಣ್ಣಾಗುವುದಿಲ್ಲ ಎಂಬುದು ಅವರ ಕ್ರಮ. ಆ ಮೌನದಲ್ಲಿ ನಾವು ಯಾರೂ ಮಾತಾಡುತ್ತಿರಲಿಲ್ಲ. ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದೆವು.

ಇನ್ನೊಂದು ಕಟ್ಟುಪಾಡಿತ್ತು. ಪಾಠವನ್ನು ಪೂರ್ವಪಕ್ಷದಲ್ಲಿ ನಿಲ್ಲಿಸಬಾರದು. ಒಮ್ಮೆ ಕರೆಂಟು ಹೋಗಿ, ಮಳೆ ಹಿಡಿದು, ನನ್ನ ಬಸ್ಸಿನ ಹೊತ್ತು ಮೀರಿದಾಗಲೂ ಮೇಷ್ಟ್ರು ಏಳಲು ಬಿಡಲಿಲ್ಲ. "ಮೊಸಳೆ ಬಾಯಲ್ಲಿ ಮಗು ಬಿಟ್ಟು ಊಟಕ್ಕೆ ಹೋಗ್ತಾರೇನ್ರೀ? ಒಂದು ವಾಕ್ಯ ಉತ್ತರ ಕೇಳ್ಕೊಂಡು ಹೋಗಿ," ಎಂದು ಕತ್ತಲಲ್ಲೇ ಬಲಗೈ ಎತ್ತಿ ಹೇಳಿದ್ದರು. ಕೈ ಕಾಣಲಿಲ್ಲ, ಬಳಿಯಲ್ಲಿ ಗಾಳಿ ಅಲುಗಿದ್ದು ಗೊತ್ತಾಯಿತು.

ಇನ್ನು ಬೋರ್‌ವೆಲ್ಲಿನ ಮಾತು. ಯಾವುದೋ ಪಾಠದ ನಡುವೆ ಮೇಷ್ಟ್ರು, ದೇಹ ಬಿದ್ದರೆ ಅರಿವು ಹೋಗುವುದಿಲ್ಲ ಎನ್ನಲು ಒಂದು ದೃಷ್ಟಾಂತ ಕೊಟ್ಟರು. "ಮೋಟಾರು ಸುಟ್ಟುಹೋಯ್ತು ಅಂತಿಟ್ಕೊಳ್ಳಿ. ತೊಟ್ಟೀಲಿ ನೀರು ಬೀಳಲ್ಲ. ಹಾಗಂತ ನೀರು ಮೋಟಾರಿನಲ್ಲೇ ಹುಟ್ತಿತ್ತು ಅಂತೀರಾ?"

ಸಾಹುಕಾರರು ಗೋಡೆಯಿಂದ ಬೆನ್ನು ತೆಗೆದರು. "ಅದು ಹೇಳೋಕೆ ಮೋಟ್ರು ಮೇಲಕ್ಕೆತ್ತಬೇಕು ಮೇಷ್ಟ್ರೇ. ಎತ್ತೋಗಂಟ, ಸುಟ್ಟಿರೋದು ಮೋಟ್ರೋ ಬತ್ತಿರೋದು ಬೋರೋ ಯಾವನಿಗೂ ಗೊತ್ತಾಗಕಿಲ್ಲ. ನಮ್ ಕೆಂಕೆರೆ ತೋಟದಾಗೆ ಎತ್ತಿ ನೋಡಿದ್ರೆ ಮೋಟ್ರು ಗುಂಡುಕಲ್ಲಿನಂಗಿತ್ತು. ಕೆಳಗೆ ಬರೀ ಗಾಳಿ."

ನಾವೆಲ್ಲ ನಕ್ಕೆವು. ಮೇಷ್ಟ್ರೂ ನಕ್ಕರು. "ನಮ್ ಸಾಹುಕಾರ ಕೊಬ್ಬರಿ ಯಾಪಾರಕ್ಕೆ ಬಂದು ಕೆಟ್ಟ. ಪೂರ್ವಪಕ್ಷಕ್ಕೆ ನಿಂತಿದ್ರೆ ಇಷ್ಟೊತ್ತಿಗೆ ನಮಗೆಲ್ಲ ಕೆಲಸ ಇರ್ತಿರ್ಲಿಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಈ ಪ್ರಶ್ನೆ ಕಟ್ಟಿಡಿ. ಇದಕ್ಕೇ ಅಂತ ಭಾಷ್ಯದಲ್ಲಿ ಒಂದು ಪ್ರಕರಣ ಇದೆ. ಅಲ್ಲಿಗೆ ಹೋದಾಗ ಬಿಚ್ಚೋಣ. ಅಲ್ಲಿಯ ಉತ್ತರ ಅಚ್ಚಿನಲ್ಲಿರೋದು ಅರ್ಧ. ಇನ್ನರ್ಧ ನನ್ನ ಗುರುಗಳು ಹೇಳಿದ್ದು ನನ್ನ ಹತ್ರ ಇದೆ."

ಆ ಪ್ರಕರಣಕ್ಕೆ ನಾವು ತಲುಪಿದ್ದು ಹೋದ ವರ್ಷ. ಒಂದು ಭಾನುವಾರ ಅವರು ಎಡಗೈ ಎತ್ತಿದರು. ದೇಹದಾಚೆಗೆ ಏನೂ ಇಲ್ಲ ಎನ್ನುವವನ ಮಾತು ಅದು. ಅರಿವು ದೇಹದಲ್ಲಿ ಕಾಣುತ್ತದೆ. ದೇಹದ ಹೊರಗೆ ಅದನ್ನು ಕಂಡವರು ಇಲ್ಲ. ಬೇಯಿಸಿ ಹುಳಿ ಬರಿಸಿದ ಕಾಳಿನಲ್ಲಿ ಅಮಲು ಹುಟ್ಟುವಂತೆ ಮಣ್ಣು ನೀರುಗಳು ಕೂಡಿದಲ್ಲಿ ಅರಿವು ಹುಟ್ಟಿತು, ಬಿಡಿಬಿಡಿಯಾದಾಗ ಹೋಯಿತು. ಮೇಷ್ಟ್ರು ಇದನ್ನು ನನ್ನ ಜೀವಮಾನದಲ್ಲಿ ಯಾರೂ ಹೇಳಿರದಷ್ಟು ಗಟ್ಟಿಯಾಗಿ ಹೇಳಿದರು. ಕೊನೆಗೆ ಕನ್ನಡದಲ್ಲಿ ಸಾರ ಕೊಟ್ಟರು: "ದೇಹ ಇದ್ದರೆ ಇದೆ. ದೇಹ ಇಲ್ಲದಿದ್ದರೆ ಇಲ್ಲ." ಸಾಹುಕಾರರು ತಲೆದೂಗಿದರು. ಮೇಷ್ಟ್ರು ಎಡಗೈಯನ್ನು ತೊಡೆಯ ಮೇಲಿಟ್ಟರು. ಸುಮ್ಮನಾದರು.

ನಾವು ಕಾದೆವು. ಅಟ್ಟದ ಮೇಲೆ ಒಂದು ಕಾಯಿ ಉರುಳಿ ಇನ್ನೊಂದಕ್ಕೆ ತಾಗಿ ನಿಂತಿತು. ಮೇಷ್ಟ್ರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಅದು ಪುಸ್ತಕದ ಪಕ್ಕದಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಉತ್ತರ ಕಷ್ಟದ್ದು, ಅದಕ್ಕೇ ಮೌನ ದೊಡ್ಡದು ಎಂದುಕೊಂಡೆವು. ಬೇರೆ ಯಾರ ಮನೆಯ ಹಜಾರದಲ್ಲಾದರೂ, ಮಾತಾಡುತ್ತಿದ್ದ ಮನುಷ್ಯ ಹಾಗೆ ನಿಂತುಬಿಟ್ಟರೆ ಒಬ್ಬರಾದರೂ ಎದ್ದು ಬರುತ್ತಿದ್ದರು. ನಾವು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆವು. ಕೊನೆಗೆ ಸಾಹುಕಾರರೇ, "ಮೇಷ್ಟ್ರೇ, ನೀರು ಕೊಡ್ಲಾ?" ಎಂದು ಬಗ್ಗಿದರು. ಆಗ ಬಾಯಿಯ ಒಂದು ಮೂಲೆ ಇಳಿದು ಎಂಜಲು ಶಲ್ಯದ ಮೇಲೆ ಹರಿದದ್ದು ಕಂಡಿತು.

ಕಾರಿನಲ್ಲಿ ತುಮಕೂರಿಗೆ ಕರೆದೊಯ್ದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದು ಯಾವಾಗ ಶುರುವಾಯಿತು ಎಂದು. ಆ ಹೊತ್ತಿನ ಮೇಲೆಯೇ ಇಂಜೆಕ್ಷನ್ ಕೊಡುವುದು ಬಿಡುವುದು ನಿಂತಿದೆ ಎಂದರು. ನಾನೂ ಸಾಹುಕಾರರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೌನದಲ್ಲಿ ಎಷ್ಟು ಭಾಗ ಪಾಠ, ಎಷ್ಟು ಭಾಗ ಕಾಯಿಲೆ?

ಬಲಭಾಗ ಬಿದ್ದುಹೋಯಿತು. ಮಾತು ಹೋಯಿತು. ತುರುವೇಕೆರೆಯ ಮನೆಗೆ ಕರೆತಂದ ಮೇಲೆ ದಿನಾ ಬೆಳಗ್ಗೆ ಕೈಕಾಲು ಆಡಿಸಲು ಫಿಸಿಯೋಥೆರಪಿ ಓದಿದ ಒಬ್ಬ ಹೆಣ್ಣುಮಗಳು ಬರತೊಡಗಿದಳು. ಆಕೆಯೇ ಅಮ್ಮನಿಗೆ ಹೇಳಿದ್ದು: "ಹೊಸ ಮಾತು ಬರ್ದಿದ್ರೂ ಬಾಯಿಪಾಠ ಇರೋದು ಕೆಲವರಿಗೆ ಬರುತ್ತೆ ಆಂಟಿ. ದೇವರನಾಮ, ಶ್ಲೋಕ ಏನಾದ್ರೂ ಶುರು ಮಾಡಿ ಕೊಡಿ." ಅಮ್ಮ ಶಾಂತಿಮಂತ್ರ ಶುರು ಮಾಡಿದರು. ನೀರು ಕೇಳಲು ಆಗದಿದ್ದ ಮೇಷ್ಟ್ರು ಮಂತ್ರವನ್ನು ಒಂದಕ್ಷರ ಬಿಡದೆ ಮುಗಿಸಿದರು. ಅಮ್ಮ ನನಗೆ ಫೋನು ಮಾಡಿ ಅತ್ತರು. ನಾನು ರಜೆ ಹಾಕಿ ಹೋದೆ.

ನಾನು ಹೋದಾಗ ಮಂತ್ರ ಮುಗಿದು, ಅವರ ಎಡಗೈ ಮೇಲೆದ್ದಿತ್ತು. "ದೇಹ ಇದ್ದರೆ ಇದೆ. ದೇಹ ಇಲ್ಲದಿದ್ದರೆ ಇಲ್ಲ." ಅದೇ ಗಟ್ಟಿ ಧ್ವನಿ, ಬಾಯಿಯ ಒಂದೇ ಮಗ್ಗುಲಿನಿಂದ ಬಂದದ್ದು ಅಷ್ಟೆ. ಅಲ್ಲಿಗೆ ನಿಂತರು. ನಾವು ಕಾದೆವು. ಮತ್ತೆ ಎಡಗೈ, ಮತ್ತೆ ಅದೇ ಮಾತು. ದಿನಾ ಅದೇ. ಗಂಜಿ ಕುಡಿಸುವಾಗ, ಬಟ್ಟೆ ಬದಲಿಸುವಾಗ, ನೋಡಲು ಬಂದ ನೆಂಟರು ಕಾಲು ಮುಟ್ಟುವಾಗ. ನೆಂಟರು ಹೊರಗೆ ಬಂದು ಪಿಸುಗುಟ್ಟಿದರು. ಒಬ್ಬರು ಚಪ್ಪಲಿ ಮೆಟ್ಟುತ್ತಾ, "ಜೀವಮಾನ ವೇದಾಂತ ಹೇಳಿ ಕೊನೇಲಿ ಹಿಂಗಾಡ್ತಾರಲ್ಲಪ್ಪ," ಎಂದದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿತು.

ಅವತ್ತು ಅಮ್ಮ ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. ಅವರ ಒಬ್ಬಳೇ ಮಗಳು ಓದು ಮುಗಿಸಿದ ವರ್ಷ ಕಾಯಿಲೆಯಲ್ಲಿ ಹೋದವಳು. ನಾನು ಪಾಠಕ್ಕೆ ಸೇರುವ ಎಷ್ಟೋ ಮುಂಚಿನ ಮಾತು.

"ಅವಳನ್ನ ಮಲಗಿಸಿದ್ದಾಗ ಇವರು ನನ್ನ ಪಕ್ಕ ಕೂತು ಹೇಳಿದ್ರು, ಹೋಗಿದ್ದು ಅವಳಲ್ಲ, ಅವಳು ಹೋಗೋ ವಸ್ತುವಲ್ಲ ಅಂತ. ನನಗೆ ನಿಮ್ಮ ಭಾಷ್ಯ ಟೀಕೆ ಏನೂ ಗೊತ್ತಿಲ್ಲಪ್ಪ. ಆ ಮಾತಿನ ಮೇಲೆ ನಾನು ಇಷ್ಟು ದಿನ ಅನ್ನ ತಿಂದಿದ್ದೀನಿ. ಈಗ ಇವರ ಬಾಯಲ್ಲೇ ಇಲ್ಲ ಅಂತ ಬಂದ್ರೆ ಹೇಗೆ?"

"ಅದು ಅವರ ಮಾತಲ್ಲಮ್ಮ. ಎದುರಾಳಿ ಮಾತು. ಪಾಠ ಅಲ್ಲಿ ನಿಂತಿತ್ತು, ಅದಕ್ಕೆ."

"ಅದು ನನಗೂ ಗೊತ್ತು. ನನ್ನ ಮದುವೆ ಆದಾಗಿಂದ ಕೇಳ್ತಿದ್ದೀನಿ ಈ ಎಡಗೈ ಬಲಗೈ. ಆದ್ರೆ ಅವರಿಗೆ ಒಳಗೆ ಉತ್ತರ ಇದೆಯಾ, ಅಥವಾ ಹೋಗಿಬಿಟ್ಟಿದೆಯಾ? ಇರೋದು ಅಷ್ಟೇನಾ? ಅದನ್ನ ಹೇಗಾದ್ರೂ ಮಾಡಿ ಕೇಳಿ ಕೊಡಿ."

ನಾನು ಪ್ರಯತ್ನಿಸಿದೆ. ಚಿಕ್ಕನಾಯಕನಹಳ್ಳಿಯಿಂದ ಬರುವ ಬಸ್ಸಿನಲ್ಲಿ ಭಾಷ್ಯದ ಆ ಪುಟಗಳನ್ನೂ ಕೆಳಗಿನ ಟೀಕೆಗಳನ್ನೂ ಓದಿಕೊಂಡು ಬಂದೆ. ಪೂರ್ವಪಕ್ಷ ಹೇಳುತ್ತಾ ಅಲ್ಲೇ ನಿಂತುಹೋದವನನ್ನು ಹೇಗೆ ದಾಟಿಸಬೇಕೆಂದು ಎರಡೂ ದಾರಿಯ ಟೀಕಾಕಾರರಲ್ಲಿ ಹುಡುಕಿದೆ. ಯಾರೂ ಬರೆದಿರಲಿಲ್ಲ. ಬರೆದವರೆಲ್ಲ ದಾಟಿದವರೇ.

ಗುರು ಬಾಯಿಬಿಡುವ ಮೊದಲು ಶಿಷ್ಯ ಸಿದ್ಧಾಂತ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹೇಳಿದೆ. ಮಂಚದ ಪಕ್ಕ ನೆಲದ ಮೇಲೆ ಕೂತು, ಬಣ್ಣ, ಆಕಾರ ದೇಹದ ಗುಣಗಳು, ಹೆಣದಲ್ಲೂ ಉಳಿಯುತ್ತವೆ, ಅರಿವು ಉಳಿಯುವುದಿಲ್ಲ, ಆದ್ದರಿಂದ ಅದು ದೇಹದ ಗುಣವಲ್ಲ ಎಂದೆ. ಅವರು ನನ್ನನ್ನೇ ನೋಡುತ್ತಾ ಕೇಳಿದರು. ಎಡಗೈ ಎದ್ದಿತು. "ದೇಹ ಇದ್ದರೆ ಇದೆ. ದೇಹ ಇಲ್ಲದಿದ್ದರೆ ಇಲ್ಲ." ಪರೀಕ್ಷೆಯಲ್ಲಿ ಅರ್ಧ ಉತ್ತರ ಕೊಟ್ಟ ಹುಡುಗನಿಗೆ ಇನ್ನೂ ಹೇಳು ಎನ್ನುವಂತಿತ್ತು. ಇನ್ನೊಂದು ಕಾರಣ ಕೊಟ್ಟೆ: ದೇಹವನ್ನೇ ಅರಿಯುವ ಅರಿವು ಆ ದೇಹದ ಒಂದು ತುಂಡು ಹೇಗಾದೀತು? ಮತ್ತೆ ಎಡಗೈ. ಅಚ್ಚಿನಲ್ಲಿದ್ದ ಕಾರಣಗಳೆಲ್ಲ ಮುಗಿದವು. ಎಡಗೈ ಇಳಿಯಲಿಲ್ಲ. ಅವರ ಗುರು ಹೇಳಿದ ಇನ್ನರ್ಧ ನನ್ನ ಹತ್ತಿರ ಇರಲಿಲ್ಲ. ನನಗೆ ಪಾಠ ಹೇಳುತ್ತಿದ್ದಾರೋ, ಸಹಾಯಕ್ಕೆ ಕೂಗುತ್ತಿದ್ದಾರೋ ಎಂದು ತಿಳಿಯದೆ ಅವರ ಕೈ ಹಿಡಿದು ಕೆಳಗಿಳಿಸಿದೆ.

ಸಾಹುಕಾರರು ಒಂದು ದಿನ ಎಳನೀರು ತಂದರು. ಚಮಚದಲ್ಲಿ ಅವರೇ ಕುಡಿಸಿದರು. ಮೇಷ್ಟ್ರು ಗುಟುಕರಿಸಿ ಅದೇ ಮಾತು ಹೇಳಿದರು. ಸಾಹುಕಾರರು ಚಮಚ ಕೆಳಗಿಟ್ಟರು.

"ಮೇಷ್ಟ್ರೇ, ಬೋರಿಂದು ನಾನು ಕೇಳಿದ್ನಲ್ಲ, ಅದು ವಾಪಸ್ ತಗಂಡೆ ಬುಡಿ. ತಮಾಷೆಗೆ ಕೇಳಿದ್ದು. ನಂದೇ ತಪ್ಪು ಅಂತಿಟ್ಕಳಿ. ಉತ್ರ ಏನೂ ಬ್ಯಾಡ, ನೀವು ಸುಮ್ಕೆ ಮನೀಕಳಿ."

ಮೇಷ್ಟ್ರ ಅರ್ಧ ಮುಖ ನಕ್ಕಿತು. ತಲೆಯನ್ನು ದಿಂಬಿನ ಮೇಲೆ ಆಚೆ ಈಚೆ ಹೊರಳಿಸಿದರು. ಬೇಡ ಎಂದೋ, ವಾಪಸು ತೆಗೆದುಕೊಳ್ಳಬೇಡ ಎಂದೋ, ಕತ್ತು ನೋಯುತ್ತಿತ್ತೋ. ಸಾಹುಕಾರರು ಜಗಲಿಗೆ ಬಂದು ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಕಾಲಲ್ಲೇ ಇತ್ತು.

ಈಗ ಮೊದಲು ಹೇಳಿದ ಬೆಳಗಿಗೆ ಬರುತ್ತೇನೆ. ಹಿಂದಿನ ದಿನದಿಂದ ಮೇಷ್ಟ್ರು ಏನೂ ನುಂಗುತ್ತಿರಲಿಲ್ಲ. ಡಾಕ್ಟರು ಫೋನಿನಲ್ಲಿ, ಬೇಕಾದವರಿಗೆ ಹೇಳಿ ಎಂದಿದ್ದರು. ನಾನೂ ಸಾಹುಕಾರರೂ ಒಟ್ಟಿಗೆ ಬಂದೆವು. ಸಾಹುಕಾರರು ಕೋಣೆಯೊಳಗೆ ಹೋಗಿ ಮಂಚದ ಕಾಲುಗಡೆ ನಿಂತರು. ವ್ಯಾಯಾಮದ ಹೆಣ್ಣುಮಗಳು ಆಗತಾನೆ ಬಂದು, ಇವತ್ತು ಬೇಡವೇನೋ ಎಂದು ಬ್ಯಾಗು ಹಿಡಿದೇ ಕಿಟಕಿಯ ಬಳಿ ನಿಂತಿದ್ದಳು. ನಾನು ಬಾಗಿಲಲ್ಲಿ. ಎಡಗೈ ಎದ್ದಿತು. ಧ್ವನಿ ಇರಲಿಲ್ಲ, ತುಟಿಯಲ್ಲಿ ಆ ಮಾತು ಮಾತ್ರ.

ಅಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ರೀ. ಇಲ್ಲಿ ನೋಡಿ. ಇದು ನಿಮ್ಮ ಮಾತಾ, ಎದುರಾಳಿ ಮಾತಾ? ನನಗೆ ಪಾಠ ಬೇಡ. ಮಗಳು ಇದ್ದಾಳಾ ಇಲ್ವಾ, ಅಷ್ಟು ಹೇಳಿ."

ಎಡಗೈ ಇಳಿಯಿತು. ಹೊದಿಕೆಯ ಮೇಲೆ ಮೆಲ್ಲಗೆ ಸರಿದು ಬಲಗೈಯ ಮಣಿಕಟ್ಟನ್ನು ಹುಡುಕಿತು. ಹಿಡಿಯಿತು. ಎತ್ತಿತು. ಬಲಗೈ ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬಂತು, ಬೆರಳುಗಳು ಜೋತಿದ್ದವು. ಹಾಗೆ ಒಂದೆರಡು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಎರಡೂ ಕೈ ಒಟ್ಟಿಗೆ ಹೊದಿಕೆಯ ಮೇಲೆ ಬಿದ್ದವು. ಅವತ್ತು ಮಧ್ಯಾಹ್ನ ಮೇಷ್ಟ್ರು ಹೋದರು.

ನಾನು ಕಂಡದ್ದು ಇಷ್ಟು. ಬಲಗೈ ಎತ್ತಿದರು, ಅಂದರೆ ಸಿದ್ಧಾಂತ ಹೇಳಿದರು, ಎಂದು ಆ ಕ್ಷಣ ನನ್ನ ಮೈಯೆಲ್ಲ ನಂಬಿತು. ಆದರೆ ಹೊರಗೆ ತೆಂಗಿನ ಮರದ ಕೆಳಗೆ ನಿಂತಿದ್ದಾಗ ಆ ಹೆಣ್ಣುಮಗಳು ನನ್ನ ಹತ್ತಿರ ಬಂದಳು. "ಸರ್, ಆಂಟಿಗೆ ಹೇಳ್ಬೇಡಿ. ಅದು ನಾನೇ ಹೇಳ್ಕೊಟ್ಟಿರೋ ಎಕ್ಸರ್‌ಸೈಜು. ಚೆನ್ನಾಗಿರೋ ಕೈಯಿಂದ ಇನ್ನೊಂದು ಕೈ ಎತ್ತೋದು. ದಿನಾ ನಾನು ಬಂದ ತಕ್ಷಣ ಮಾಡ್ತಿದ್ರು. ನನ್ನ ನೋಡಿ ಮಾಡಿರ್ಬಹುದು."

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಮ್ಮ ನನ್ನನ್ನು ಕೋಣೆಗೆ ಕರೆದರು. ಮಂಚದ ಮೇಲೆ ಹಾಸಿಗೆ ಇರಲಿಲ್ಲ.

"ವ್ಯಾಯಾಮ ಅಂತ ನನಗೆ ಗೊತ್ತು. ಪಕ್ಕದಲ್ಲಿ ಕೂತು ನಾನೇ ಎಣಿಸ್ತಿದ್ದೆ. ಅವತ್ತು ಅವರು ನನ್ನ ಮುಖ ನೋಡಿ ಎತ್ತಿದ್ರಾ, ಆ ಹುಡುಗಿ ಮುಖ ನೋಡಿ ಎತ್ತಿದ್ರಾ? ನನಗೆ ಕಣ್ಣಲ್ಲಿ ನೀರು ತುಂಬಿತ್ತು, ಕಾಣಿಸ್ಲಿಲ್ಲ. ನೀವು ಬಾಗಿಲಲ್ಲಿ ನಿಂತಿದ್ರಲ್ಲ, ನೀವು ಹೇಳಿ."

ನನ್ನ ಕಡೆಯಿಂದ ಮುಖ ಕಾಣುತ್ತಿರಲಿಲ್ಲ, ಬೆಳಕು ಎದುರಿಗಿತ್ತು ಎಂದೆ. ನಿಜವನ್ನೇ ಹೇಳಿದೆ. ಅವರು ಕಿಟಕಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, ಬಂದು ನಾನು ನಿಂತಿದ್ದ ಜಾಗದಲ್ಲಿ ನಿಂತರು. ಖಾಲಿ ಮಂಚದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಹೌದು, ಕಾಣಲ್ಲ," ಎಂದರು. ಆಮೇಲೆ ಈ ಮಾತನ್ನು ನನ್ನ ಹತ್ತಿರ ಎತ್ತಿಲ್ಲ.

ಹಜಾರದಲ್ಲಿ ಪಾಠ ಮತ್ತೆ ನಡೆದಿಲ್ಲ. ಪುಸ್ತಕ ಆ ಪುಟದಲ್ಲಿ ದಾರ ಇಟ್ಟಂತೆಯೇ ಸಾಹುಕಾರರ ಗೂಡಿನಲ್ಲಿದೆ. ಮುಂದಿನ ವಾಕ್ಯ ಓದಿಬಿಡೋಣ ಎಂದು ನಾನೊಮ್ಮೆ ಹೇಳಿದ್ದಕ್ಕೆ ಅವರು, "ಓದಿ, ನಾನು ಬ್ಯಾಡ ಅನ್ನಕಿಲ್ಲ. ಆದ್ರೆ ಯಾವ ಕೈ ಎತ್ತಿ ಓದ್ತೀರಿ?" ಎಂದರು. ನಾನು ಓದಲಿಲ್ಲ.

ಆ ಬೆಳಗ್ಗೆ ಕೋಣೆಯಲ್ಲಿ ಇದ್ದವರಲ್ಲಿ ಇವತ್ತಿಗೂ ಬದುಕಿರುವವರು, ನನ್ನನ್ನು ಬಿಟ್ಟು, ಮೂವರು. ತಿಪಟೂರಿನ ಸಾಹುಕಾರರು, ಅವರು ಮಂಚದ ಕಾಲುಗಡೆ ಇದ್ದರು, ಮೇಷ್ಟ್ರ ಮುಖ ಅವರಿಗೆ ಕಂಡಿರಬೇಕು, ಆದರೆ ಆ ಹೊತ್ತಿಗೆ ತಲೆ ತಗ್ಗಿಸಿದ್ದೆ ಎನ್ನುತ್ತಾರೆ. ಆ ಹೆಣ್ಣುಮಗಳು, ಈಗ ಮದುವೆಯಾಗಿ ಕೆಂಕೆರೆಯಲ್ಲಿದ್ದಾಳೆ, ಕೇಳಿದರೆ ನನಗೆ ಹೇಳಿದ್ದನ್ನೇ ಹೇಳುತ್ತಾಳೆ. ಮೂರನೆಯವರು ಅಮ್ಮ. ಅದೇ ಕೋಣೆಯಲ್ಲಿ, ಅದೇ ಸ್ಟೂಲನ್ನು ಅವತ್ತು ಆ ಹೆಣ್ಣುಮಗಳು ನಿಂತಿದ್ದ ಕಿಟಕಿಯ ಬಳಿಗೆ ಹಾಕಿಕೊಂಡು, ಮಂಚದ ಕಡೆ ಮುಖ ಮಾಡಿ ಕೂರುತ್ತಾರೆ.